ದಾನಶೀಲ ಉದ್ಯಮಿ ಜಮ್‌ಷೆಟ್‌ಜಿ ಟಾಟಾ

ಗುಜರಾತಿನ ನವಸಾರಿಯಲ್ಲಿ 1839ರಲ್ಲಿ ಜನಿಸಿದ ಜಮ್‌ಷೆಟ್‌ಜಿಯವರು ತಂದೆ ನಸರ್‌ವಾನ್‌ಜಿಯವರ ವ್ಯಾಪಾರದಲ್ಲಿ ಪಳಗಿದವರು. ಹತ್ತಿ ಬೆಳೆಯುವ ಸೀಮೆಯಲ್ಲಿಯೇ ನೂಲು ತೆಗೆಯಬೇಕೆಂಬುದು ಅವರ ದೃಢನಿಶ್ಚಯ. ಮುಂಬಯಿಯನ್ನು ಬಿಟ್ಟು ದೂರದ ನಾಗಪುರವನ್ನು ಆರಿಸಿದಾಗ ಹಣವಂತರು ಶಂಕಿಸಿದರು. ಅವರು ಎದೆಗುಂದಲಿಲ್ಲ. 1877ರ ಜನವರಿ 1ರಂದು ಎಂಪ್ರೆಸ್ ಗಿರಣಿ ಆರಂಭವಾಯಿತು. ಲ್ಯಾಂಕಷೈರಿನವರು ಇನ್ನೂ ಅನುಮಾನಿಸುತ್ತಿದ್ದ ರಿಂಗ್ ಕದಿರುಗಳನ್ನು ಅವರು ಪರೀಕ್ಷಿಸಿ ಅಳವಡಿಸಿಕೊಂಡರು. 1886ರಲ್ಲಿ ಕಾರ್ಮಿಕರಿಗಾಗಿ ಪಿಂಚಣಿ ನಿಧಿಯನ್ನು ತೆರೆದರು.

ಗಳಿಸಿದ ಸಂಪತ್ತು ವಿದ್ಯೆಗೆ ಸಲ್ಲಬೇಕೆಂದು ಬಗೆದು, ಉನ್ನತ ವಿಜ್ಞಾನ ಸಂಸ್ಥೆಗಾಗಿ 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ನೀಡಮುಂದಾದರು. ಸರ್ಕಾರದ ಒಪ್ಪಿಗೆ ಕೈಗೂಡುವ ಮೊದಲೇ, 1904ರಲ್ಲಿ, ಕಾಲವಶರಾದರು. ಮಕ್ಕಳು ತಂದೆಯ ಮಾತನ್ನು ನಡೆಸಿಕೊಟ್ಟರು. ಮೈಸೂರು ಸಂಸ್ಥಾನವು ಭೂಮಿಯನ್ನಿತ್ತಿತು. 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಉದಯಿಸಿತು. ನಾಗಪುರದ ಗಿರಣಿ ಮುಚ್ಚಿಹೋಗಿದೆ. ಅದರ ಸಂಪತ್ತಿನಿಂದ ಬೆಳಗಿದ ವಿದ್ಯಾಜ್ಯೋತಿ ಇಂದಿಗೂ ನಂದಿಲ್ಲ.