ಆಲ್ಫ್ರೆಡ್ ನೊಬೆಲ್ ಮತ್ತು ಅವರ ಉಯಿಲು

ಪ್ರತಿವರ್ಷ ಅಕ್ಟೋಬರ್ ತಿಂಗಳಲ್ಲಿ ನೊಬೆಲ್ ಪಾರಿತೋಷಕದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಪಡೆದವರ ಹೆಸರುಗಳನ್ನು ಸಾಮಾನ್ಯಜ್ಞಾನದ ಪರೀಕ್ಷೆಗೆಂದು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ತೀರಿಕೊಂಡು ನೂರಿಪ್ಪತ್ತು ವರ್ಷಗಳಿಗೂ ಮೇಲಾದ ವ್ಯಕ್ತಿಯ ಹಣ ಇನ್ನೂ ಹೇಗೆ ಮುಗಿಯದೆ ಉಳಿದಿದೆ ಎಂದು ಕೇಳುವವರು ಕಡಿಮೆ. ಅದಕ್ಕೆಲ್ಲ ಮೂಲ ಒಂದು ಉಯಿಲು. ನಮ್ಮ ಹಿರಿಯರು ವೀಲುನಾಮೆಯೆಂದೂ ಮರಣಶಾಸನವೆಂದೂ, ನೆರೆಯ ಮಲಯಾಳಿಗಳು ಒಸ್ಯತ್ತ್ ಎಂದೂ ಕರೆಯುವುದು ಇದನ್ನೇ. ಅದನ್ನು ಬರೆದವರ ಬಾಳನ್ನೂ, ಅವರ ಕಾಲಾನಂತರ ಆ ಕಾಗದ ಪಟ್ಟ ಪಾಡನ್ನೂ ಇಲ್ಲಿ ಹೇಳಬಯಸುತ್ತೇವೆ.

ಆಲ್ಫ್ರೆಡ್ ನೊಬೆಲ್ಲರು 1833ನೆಯ ಇಸವಿ ಅಕ್ಟೋಬರ್ 21ರಂದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದರು. ಅದೇ ವರ್ಷ ತಂದೆಯ ವ್ಯವಹಾರ ದಿವಾಳಿಯಾಯಿತು. ತಂದೆ ಹೊಸ ಬದುಕನ್ನರಸಿ ರಷ್ಯಕ್ಕೆ ಹೋದರು. 1842ರಲ್ಲಿ ಸಂಸಾರವೂ ಸೇಂಟ್ ಪೀಟರ್ಸ್‌ಬರ್ಗ್ ಸೇರಿತು. ಅಲ್ಲಿ ಮನೆಪಾಠದಿಂದಲೇ ಕಲಿತ ಹುಡುಗ ಹದಿನೇಳನೆಯ ವಯಸ್ಸಿಗೆ ಸ್ವೀಡಿಷ್, ರಷ್ಯನ್, ಫ್ರೆಂಚ್, ಇಂಗ್ಲಿಷ್, ಜರ್ಮನ್ ಈ ಐದು ಭಾಷೆಗಳಲ್ಲಿ ಪಳಗಿದನು. ಕನ್ನಡ, ತುಳು, ಮಲಯಾಳಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದು ಅಷ್ಟೇನೂ ಆಶ್ಚರ್ಯವೆನಿಸಲಾರದು.

ನೈಟ್ರೋಗ್ಲಿಸರಿನ್ ಎಂಬ ಎಣ್ಣೆಯಂಥ ಸ್ಫೋಟಕ ಆಗ ಹೊಸದು. ಸ್ವಲ್ಪ ಅಲುಗಾಡಿದರೂ ಸಿಡಿಯುವಂಥದು. 1864ರ ಸೆಪ್ಟೆಂಬರ್ 3ರಂದು ನೊಬೆಲ್ಲರ ಸ್ಟಾಕ್‌ಹೋಮಿನ ಕಾರ್ಯಾಗಾರವೇ ಸಿಡಿದು, ಅವರ ಕಿರಿಯ ತಮ್ಮ ಎಮಿಲ್ ಮತ್ತು ಇನ್ನು ಕೆಲವರು ಪ್ರಾಣ ಕಳೆದುಕೊಂಡರು. ನೊಬೆಲ್ಲರು ಪ್ರಯೋಗ ಬಿಡಲಿಲ್ಲ. ಆ ಎಣ್ಣೆಯನ್ನು ಒಂದು ಬಗೆಯ ಹಗುರ ಮಣ್ಣಿಗೆ ಹೀರಿಸಿದರೆ ನಿರಪಾಯವಾಗಿ ಸಾಗಿಸಬಹುದೆಂದು ಕಂಡುಕೊಂಡು 1867ರಲ್ಲಿ ಡೈನಮೈಟಿಗೆ ಪೇಟೆಂಟ್ ಪಡೆದರು. ಗಣಿ, ಸುರಂಗ, ರೈಲುದಾರಿ ಎಲ್ಲದಕ್ಕೂ ಅದು ಬೇಕಾಯಿತು. ಒಟ್ಟು 355 ಪೇಟೆಂಟುಗಳು, ಹಲವು ದೇಶಗಳಲ್ಲಿ ಕಾರ್ಖಾನೆಗಳು, ಪ್ಯಾರಿಸಿನಲ್ಲಿ ಮನೆ, ಇಟಲಿಯ ಸಾನ್ ರೆಮೊದಲ್ಲಿ ಮನೆ, ಸ್ವೀಡನ್ನಿನ ಬೋಫೋರ್ಸಿನಲ್ಲಿ ಇನ್ನೊಂದು. ಆದರೆ ಅವರು ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ.

ಇಷ್ಟೊಂದು ಆಸ್ತಿಗೆ ವ್ಯವಸ್ಥೆ ಮಾಡಲು ನೊಬೆಲ್ಲರು ಮೂರು ಸಲ ಉಯಿಲು ಬರೆದರು. 1895ರ ನವೆಂಬರ್ 27ರಂದು ಪ್ಯಾರಿಸಿನಲ್ಲಿ ಬರೆದದ್ದೇ ಕಡೆಯದು. ಅದು ಹಿಂದಿನವನ್ನು ರದ್ದುಗೊಳಿಸಿತು. ವಕೀಲರೆಂದರೆ ಅವರಿಗೆ ಆಗದು. ಹೀಗಾಗಿ ಯಾರ ಸಲಹೆಯನ್ನೂ ಕೇಳದೆ, ಸ್ವಹಸ್ತದಿಂದ ಸ್ವೀಡಿಷ್ ಭಾಷೆಯಲ್ಲಿ ಬರೆದು, ನಾಲ್ವರು ಸಾಕ್ಷಿಗಳ ರುಜು ಹಾಕಿಸಿದರು. ಪಾಲಕರ ತಿಳಿವಿಗಾಗಿ ಒಂದು ಮಾತು: ನಮ್ಮ ದೇಶದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಛಾಪಾಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮುಸಲ್ಮಾನ ಬಾಂಧವರಿಗೆ ಈ ವಿಷಯದಲ್ಲಿ ಅವರದೇ ಆದ ನಿಯಮಗಳಿವೆ.

ಉಯಿಲಿನ ಸಾರ ಹೀಗಿತ್ತು: ಬಂಧುಗಳಿಗೂ ಸ್ನೇಹಿತರಿಗೂ ಆಳುಕಾಳುಗಳಿಗೂ ಇಂತಿಷ್ಟು ಹಣ. ಉಳಿದದ್ದನ್ನೆಲ್ಲ ನಗದು ಮಾಡಿ, ಭದ್ರವಾದ ಪತ್ರಗಳಲ್ಲಿ ತೊಡಗಿಸಿ, ಒಂದು ನಿಧಿಯಾಗಿಸಬೇಕು. ಅಸಲಿಗೆ ಕೈಹಚ್ಚದೆ ಅದರ ಬಡ್ಡಿಯನ್ನು ಐದು ಪಾಲು ಮಾಡಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ಸಾಹಿತ್ಯ, ಶಾಂತಿ ಇವುಗಳಲ್ಲಿ ಮನುಕುಲಕ್ಕೆ ಹೆಚ್ಚಿನ ಉಪಕಾರ ಮಾಡಿದವರಿಗೆ ದೇಶಭೇದವಿಲ್ಲದೆ ಕೊಡಬೇಕು.

1896ರ ಡಿಸೆಂಬರ್ 10ರಂದು ಸಾನ್ ರೆಮೊದಲ್ಲಿ ನೊಬೆಲ್ಲರು ನಿಧನರಾದರು. ಉಯಿಲನ್ನು ತೆರೆದಾಗ ಬಂಧುಗಳಷ್ಟೇ ಅಲ್ಲ, ಬಹುಮಾನ ಕೊಡಬೇಕಾದ ಸಂಸ್ಥೆಗಳವರೂ ಬೆರಗಾದರು. ಉದ್ದೇಶ ದೊಡ್ಡದು, ಕಾಗದದಲ್ಲಿ ಮಾತ್ರ ತೂತುಗಳೇ ತೂತುಗಳು. ಆಸ್ತಿ ಯಾವ ನಿಧಿಗೆ ಸೇರಬೇಕೋ ಆ ನಿಧಿಯೇ ಹುಟ್ಟಿರಲಿಲ್ಲ. ಅದನ್ನು ನಡೆಸುವ ವಿಶ್ವಸ್ತರು ಯಾರೆಂದು ಬರೆದಿರಲಿಲ್ಲ. ಬಹುಮಾನ ನಿರ್ಣಯಿಸುವ ಸಂಸ್ಥೆಗಳ ಒಪ್ಪಿಗೆಯನ್ನು ಮೊದಲು ಕೇಳಿರಲಿಲ್ಲ. ಹಲವು ದೇಶಗಳಲ್ಲಿ ಬಾಳಿದವರ ಕಾಯಂ ವಾಸಸ್ಥಳ ಯಾವುದು, ಯಾವ ದೇಶದ ನ್ಯಾಯಾಲಯ ವಿಚಾರಿಸಬೇಕು ಎಂಬುದೂ ಸ್ಪಷ್ಟವಿರಲಿಲ್ಲ. ಫ್ರಾನ್ಸೆಂದು ತೀರ್ಮಾನವಾದರೆ ತೆರಿಗೆಯೂ ಭಾರಿ, ಉಯಿಲು ಬಿದ್ದುಹೋಗುವ ಭಯವೂ ಇತ್ತು. ಡೈನಮೈಟನ್ನು ಅಷ್ಟು ಎಚ್ಚರದಿಂದ ಪಳಗಿಸಿದ ಕೈ ಇಲ್ಲಿ ಇಷ್ಟು ಸಡಿಲಾದದ್ದು ನಮಗೆ ಸೋಜಿಗವೆನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನೊಬೆಲ್ಲರ ಆಯ್ಕೆ ತಪ್ಪಲಿಲ್ಲ. ಉಯಿಲನ್ನು ಜಾರಿಗೆ ತರುವ ಕಾರ್ಯನಿರ್ವಾಹಕರೆಂದು ಇಬ್ಬರನ್ನು ಹೆಸರಿಸಿದ್ದರು. ಅವರಲ್ಲೊಬ್ಬರು ರಾಗ್ನಾರ್ ಸೋಲ್ಮನ್, ನೊಬೆಲ್ಲರ ಸಹಾಯಕರಾಗಿದ್ದ ಇಂಜಿನಿಯರು. ಆಗ ಅವರಿಗೆ ಇಪ್ಪತ್ತಾರೇ ವಯಸ್ಸು, ಕಾನೂನು ಓದಿದವರಲ್ಲ. ಅವರು ಪ್ಯಾರಿಸಿನ ಬ್ಯಾಂಕಿನಲ್ಲಿದ್ದ ಷೇರು, ಸಾಲಪತ್ರಗಳನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆದು, ಕೈಯಲ್ಲಿ ಪಿಸ್ತೂಲು ಹಿಡಿದು ಕುದುರೆಗಾಡಿಯಲ್ಲಿ ಸಾಗಿಸಿ, ಫ್ರಾನ್ಸಿನಿಂದಾಚೆಗೆ ಕಳುಹಿಸಿದರು. ನೊಬೆಲ್ಲರ ಕಾಯಂ ವಾಸ ಸ್ವೀಡನ್ನಿನ ಬೋಫೋರ್ಸೇ ಎಂಬ ವಾದ ಕಡೆಗೆ ಗೆದ್ದಿತು. ಅಲ್ಲಿಗೆ ಅವರು ತಮ್ಮ ಕುದುರೆಗಳನ್ನು ತರಿಸಿಕೊಂಡಿದ್ದುದೂ ಈ ವಾದಕ್ಕೆ ಒದಗಿತೆನ್ನುತ್ತಾರೆ.

ಬಂಧುಗಳಲ್ಲಿ ಕೆಲವರು ಉಯಿಲನ್ನು ಮುರಿಯಲು ಹೊರಟರು. ಅಣ್ಣ ಲುಡ್ವಿಗರ ಮಗ ಎಮಾನುಯೆಲ್ ಬಾಕುವಿನ ಎಣ್ಣೆ ಕಂಪೆನಿಯನ್ನು ನಡೆಸುತ್ತಿದ್ದರು. ಅದರಲ್ಲಿ ಚಿಕ್ಕಪ್ಪನ ಷೇರುಗಳು ಬಹಳವಿದ್ದುದರಿಂದ, ಅವು ಮಾರಾಟವಾದರೆ ನಷ್ಟ ಅವರಿಗೇ. ಸ್ವೀಡನ್ನಿನ ಹಣ ಪರದೇಶಿಗಳಿಗೆ ಹೋಗುವುದನ್ನು ಮೆಚ್ಚದ ದೊರೆ ಎರಡನೆಯ ಆಸ್ಕರ್ 1898ರಲ್ಲಿ ಎಮಾನುಯೆಲರನ್ನು ಕರೆಸಿ, ಉಯಿಲನ್ನು ಬದಲಿಸಲು ಒತ್ತಾಯಿಸಿದರು. ಎಮಾನುಯೆಲ್ ಒಪ್ಪಲಿಲ್ಲ. ವಿಜ್ಞಾನಿಗಳಿಗೆ ಸಲ್ಲಬೇಕಾದದ್ದನ್ನು ನೊಬೆಲ್ ಮನೆತನ ಕಸಿದುಕೊಂಡಿತೆಂಬ ಅಪವಾದ ತಮ್ಮ ಒಡಹುಟ್ಟಿದವರಿಗೆ ಬರಬಾರದೆಂಬುದೇ ಅವರ ನಿಲುವಾಗಿತ್ತು. ಕಾರ್ಯನಿರ್ವಾಹಕನೆಂಬುದಕ್ಕೆ ರಷ್ಯನ್ ಭಾಷೆಯಲ್ಲಿರುವ ಪದದ ಅರ್ಥ ಸತ್ತವನ ಆತ್ಮದ ಪ್ರತಿನಿಧಿ ಎಂದು. ಆ ಅರ್ಥಕ್ಕೆ ತಕ್ಕಂತೆ ನಡೆದುಕೊಳ್ಳಬೇಕೆಂದು ಅವರು ಸೋಲ್ಮನ್ನರಿಗೆ ಹೇಳಿದ್ದರು. ಅದೇ ವರ್ಷ ಬಂಧುಗಳೊಡನೆ ರಾಜಿಯಾಯಿತು.

ಅನಂತರ ಸಂಸ್ಥೆಗಳನ್ನು ಒಪ್ಪಿಸಿ ನಿಯಮಾವಳಿ ರಚಿಸಲಾಯಿತು. 1900ರ ಜೂನ್ 29ರಂದು ಅದಕ್ಕೆ ರಾಜಮುದ್ರೆ ಬಿದ್ದು ನೊಬೆಲ್ ಪ್ರತಿಷ್ಠಾನ ಹುಟ್ಟಿತು. ಟ್ರಸ್ಟ್ ಎಂದು ನಾವು ಕರೆಯುವಂಥದೇ ಇದೂ: ಹಣದ ಮೇಲ್ವಿಚಾರಣೆ ಒಬ್ಬರದು, ಪ್ರಯೋಜನ ಇನ್ನೊಬ್ಬರದು, ನಡುವೆ ಲಿಖಿತ ನಿಯಮಗಳ ಕಟ್ಟು. ಆ ನಿಧಿಯಿಂದಲೇ ನಮ್ಮ ರವೀಂದ್ರನಾಥ ಠಾಕೂರರಿಗೆ 1913ರಲ್ಲೂ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ನರಿಗೆ 1930ರಲ್ಲೂ ಪಾರಿತೋಷಕ ಸಂದಿತು.

ಅಸಲು ಭದ್ರವಿದ್ದ ಮಾತ್ರಕ್ಕೆ ನಿಧಿ ಬೆಳೆಯಲಿಲ್ಲ. 1901ರಲ್ಲಿ ಒಂದೊಂದು ಬಹುಮಾನ 1,50,782 ಕ್ರೋನರ್ ಇದ್ದದ್ದು ತೆರಿಗೆಯ ಹೊರೆಯಿಂದ 1923ಕ್ಕೆ 1,14,935ಕ್ಕೆ ಇಳಿಯಿತು. 1946ರಲ್ಲಿ ಸ್ವೀಡನ್ ಸರಕಾರ ತೆರಿಗೆ ವಿನಾಯಿತಿ ಕೊಟ್ಟಿತು. 1953ರಲ್ಲಿ ಷೇರುಗಳಲ್ಲಿ ಹಣ ತೊಡಗಿಸಲೂ ಅನುಮತಿ ಸಿಕ್ಕಿತು. ಆ ಮೇಲೆಯೇ ನಿಧಿ ಚೇತರಿಸಿಕೊಂಡದ್ದು. 1929ರಿಂದ 1946ರ ವರೆಗೆ ಪ್ರತಿಷ್ಠಾನದ ಆಡಳಿತದ ಹೊಣೆ ಹೊತ್ತಿದ್ದವರು, ಪಿಸ್ತೂಲು ಹಿಡಿದು ಕುದುರೆಗಾಡಿಯಲ್ಲಿ ಕೂತಿದ್ದ ಅದೇ ಸೋಲ್ಮನ್ನರು.