ಜಾಮೀನು ಕೊಟ್ಟ ನ್ಯಾಯಮೂರ್ತಿ ಬದ್ರುದ್ದೀನ್ ತ್ಯಾಬ್ಜಿ

ನಮ್ಮ ರಾವಂದೂರಿನ ಕಡೆ ಕಣ್ಣಾರೆ ಕಂಡದ್ದನ್ನೂ ಸಾಕ್ಷಿ ಹೇಳಲು ಹಿಂಜರಿಯುವವರಿದ್ದಾರೆ. ಪೊಲೀಸರೆಂದರೆ ಅಂಜಿಕೆ. ಇದು ಇಂದಿನದಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ಬ್ರಿಟಿಷ್ ಸರ್ಕಾರಕ್ಕೂ ತನ್ನ ಪೊಲೀಸರ ಮೇಲೆ ಪೂರ್ಣ ನಂಬಿಕೆ ಇರಲಿಲ್ಲ! ಆ ಕಾಲದ ಕೋರ್ಟಿನಲ್ಲಿ ಮೈಬಣ್ಣವೂ ಲೆಕ್ಕಕ್ಕೆ ಬರುತ್ತಿತ್ತು. ಮುಂದೆ ಕಾನೂನು ಓದಬೇಕೆಂದಿರುವ ನನಗೆ ಇದು ಚೆನ್ನಾಗಿ ಅರ್ಥವಾದದ್ದು ಬದ್ರುದ್ದೀನ್ ತ್ಯಾಬ್ಜಿಯವರ ಜೀವನವನ್ನು ಓದಿದಾಗ.

ತ್ಯಾಬ್ಜಿಯವರು 1844ರಲ್ಲಿ ಮುಂಬಯಿಯ ವ್ಯಾಪಾರಿ ಕುಟುಂಬದಲ್ಲಿ ಜನಿಸಿದರು. ಇಂಗ್ಲೆಂಡಿನಲ್ಲಿ ಓದಿ, 1867ರಲ್ಲಿ ಮುಂಬಯಿಯ ಮೊದಲ ಭಾರತೀಯ ಬ್ಯಾರಿಸ್ಟರ್ ಆದರು. ಅಂಜುಮನ್-ಎ-ಇಸ್ಲಾಂ ವಿದ್ಯಾಸಂಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಹೆಣ್ಣುಮಕ್ಕಳ ಓದಿಗೂ ಒತ್ತು ಕೊಟ್ಟರು. 1887ರ ಮದ್ರಾಸ್ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು.

ಆಗ ದೊಡ್ಡ ನಗರಗಳ ಹೊರಗೆ ಬಿಳಿಯ ಆರೋಪಿಯನ್ನು ಭಾರತೀಯ ನ್ಯಾಯಾಧೀಶರು ವಿಚಾರಣೆ ಮಾಡುವಂತಿರಲಿಲ್ಲ. ಈ ಭೇದವನ್ನು ತೆಗೆಯಲು 1883ರಲ್ಲಿ ಇಲ್ಬರ್ಟ್ ಮಸೂದೆ ಬಂದಾಗ ಬಿಳಿಯರು ಕೆರಳಿದರು. ತ್ಯಾಬ್ಜಿ ಮಸೂದೆಯ ಪರವಾಗಿ ಮುಂಬಯಿಯ ಸಭೆಯಲ್ಲಿ ಮಾತನಾಡಿದರು. ಆದರೆ ಸರ್ಕಾರ ಮಣಿಯಿತು. ಬಿಳಿಯ ಆರೋಪಿ ಕೇಳಿದರೆ ಜ್ಯೂರಿಯಲ್ಲಿ, ಅಂದರೆ ಅಪರಾಧಿಯೋ ಅಲ್ಲವೋ ಎಂದು ಹೇಳುವ ಪಂಚರಲ್ಲಿ, ಅರ್ಧದಷ್ಟಾದರೂ ಬಿಳಿಯರೇ ಇರಬೇಕೆಂದು ಕಾನೂನಾಯಿತು.

1895ರಲ್ಲಿ ತ್ಯಾಬ್ಜಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರಗಳೂ ಆಗ ಅದೇ ಹೈಕೋರ್ಟಿಗೆ ಸೇರಿದ್ದವು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆ ನಡೆಯಿತು. ಕೇಸರಿ ಪತ್ರಿಕೆಯ ಬರಹಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಮ್ಯಾಜಿಸ್ಟ್ರೇಟರು ಜಾಮೀನು ಕೊಡಲಿಲ್ಲ. ಹೈಕೋರ್ಟಿನಲ್ಲೂ ಮೊದಲು ಸಿಗಲಿಲ್ಲ. ಆ ಬಿಗುವಿನ ದಿನಗಳಲ್ಲಿ ತ್ಯಾಬ್ಜಿಯವರು ಜಾಮೀನು ಕೊಟ್ಟರು.

ಮುಂದಿನ ವಿಚಾರಣೆ ಬೇರೆ ನ್ಯಾಯಮೂರ್ತಿಯ ಮುಂದೆ ನಡೆಯಿತು. ಒಂಬತ್ತು ಜ್ಯೂರಿಗಳೂ ಕೇಳಿದ್ದು ಅದೇ ಸಾಕ್ಷ್ಯ, ಅದೇ ವಾದ. ಆರು ಯುರೋಪಿಯನ್ನರು ತಿಲಕರನ್ನು ಅಪರಾಧಿ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ತಿಲಕರಿಗೆ 18 ತಿಂಗಳ ಕಠಿಣ ಸಜೆಯಾಯಿತು.

1902ರಲ್ಲಿ ಹಂಗಾಮಿ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದ ತ್ಯಾಬ್ಜಿಯವರು 1906ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಈಗ ಕ್ರಿಮಿನಲ್ ಕೇಸುಗಳಲ್ಲಿ ಜ್ಯೂರಿ ಇಲ್ಲ. ತಪ್ಪೊಪ್ಪಿಗೆಯ ಆ ನಿಯಮ 2023ರ ಹೊಸ ಕಾನೂನಿನಲ್ಲೂ ಉಳಿದಿದೆ. ಆದರೂ ಜಾಮೀನು ಸಿಕ್ಕಿದರೂ ಶ್ಯೂರಿಟಿ ನಿಲ್ಲುವವರಿಲ್ಲದೆ ಜೈಲಿನಲ್ಲೇ ಕೊಳೆಯುವ ಬಡವರಿದ್ದಾರೆ. ದೇಶದ ವಿಚಾರಣಾಧೀನ ಕೈದಿಗಳಲ್ಲಿ ದಲಿತರು, ಆದಿವಾಸಿಗಳು, ಮುಸ್ಲಿಮರು ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚಿದ್ದಾರೆ. ಕಾನೂನು ಒಂದೇ ಆದರೂ ಅದನ್ನು ನಡೆಸುವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದು ಮುಖ್ಯ. ಗೆಳೆಯ ಗೆಳತಿಯರೇ, ಪಿಯುಸಿ ಮುಗಿದ ಮೇಲೆ ಏನು ಓದಬೇಕೆಂದು ಯೋಚಿಸುವಾಗ ಆ ಕುರ್ಚಿಯೂ ನಮ್ಮ ನೆನಪಿನಲ್ಲಿರಲಿ.