ಜೋರಾ ನೀಲ್ ಹರ್ಸ್ಟನ್: ಜನಪದ, ನಂಬಿಕೆ ಮತ್ತು ಕಪ್ಪು ಅಸ್ಮಿತೆ

ಆಫ್ರಿಕನ್-ಅಮೆರಿಕನ್ ಕಾದಂಬರಿಕಾರ್ತಿ ಹಾಗೂ ಜಾನಪದ ಸಂಗ್ರಾಹಕಿ ಜೋರಾ ನೀಲ್ ಹರ್ಸ್ಟನ್ 1891ರಲ್ಲಿ ಅಲಬಾಮಾದಲ್ಲಿ ಜನಿಸಿದರು. ಬೆಳೆದದ್ದು ಫ್ಲೋರಿಡಾದ ಈಟನ್‌ವಿಲ್‌ನಲ್ಲಿ. 1887ರಲ್ಲಿ ಸ್ಥಾಪಿತವಾದ ಈ ಊರಿನ ಆಡಳಿತ ಕಪ್ಪು ಜನರ ಕೈಯಲ್ಲಿಯೇ ಇತ್ತು. ತಂದೆ ಬ್ಯಾಪ್ಟಿಸ್ಟ್ ಪಂಥದ ಬೋಧಕರು. ಊರಿನ ಮೇಯರ್ ಕೂಡ ಆಗಿದ್ದವರು. ಅಂಗಡಿಯ ಜಗಲಿಯಲ್ಲಿ ಹಿರಿಯರು ಹೇಳುತ್ತಿದ್ದ ಕಥೆಗಳು, ಚರ್ಚಿನ ಹಾಡು-ಬೋಧನೆಗಳು ಅವರ ಮೊದಲ ಪಾಠಗಳಾದವು. 1904ರಲ್ಲಿ ತಾಯಿ ತೀರಿಕೊಂಡ ಬಳಿಕ ಓದು ಅರ್ಧಕ್ಕೆ ನಿಂತಿತು. 1917ರಲ್ಲಿ, ವಯಸ್ಸನ್ನು ಹತ್ತು ವರ್ಷ ತಗ್ಗಿಸಿ ಹೇಳಿ, ಬಾಲ್ಟಿಮೋರ್‌ನಲ್ಲಿ ಮತ್ತೆ ಶಾಲೆ ಸೇರಿದರು.

ಮುಂದೆ ಬಾರ್ನಾರ್ಡ್ ಕಾಲೇಜಿನಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಅವರ ಮಾರ್ಗದರ್ಶನ ದೊರೆಯಿತು. ಕ್ಷೇತ್ರಕಾರ್ಯಕ್ಕೆ ಅವರು ಮರಳಿದ್ದು ತಮ್ಮ ಊರಿಗೇ. 1935ರ ‘ಮ್ಯೂಲ್ಸ್ ಅಂಡ್ ಮೆನ್’ ಕೃತಿಯಲ್ಲಿ ಫ್ಲೋರಿಡಾದ ಜನಪದ ಕಥೆಗಳ ಜೊತೆಗೆ ನ್ಯೂ ಆರ್ಲಿಯನ್ಸ್‌ನ ಹೂಡೂ ಆಚರಣೆಗಳ ನಿರೂಪಣೆಯಿದೆ. ಹೂಡೂವನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ, ಸ್ವತಃ ದೀಕ್ಷೆ ಪಡೆದು ಅವರು ಅದನ್ನು ಅರಿತರೆಂಬುದು ಗಮನಾರ್ಹ.

1937ರ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕಾದಂಬರಿಯ ಪಾತ್ರಗಳು ಆಡುಮಾತಿನಲ್ಲಿಯೇ ಮಾತನಾಡುತ್ತವೆ. ಇದು ಬಿಳಿಯ ಓದುಗರನ್ನು ರಂಜಿಸುವ ಬರಹವೆಂದು ಲೇಖಕ ರಿಚರ್ಡ್ ರೈಟ್ ಟೀಕಿಸಿದರು. ಹರ್ಸ್ಟನ್ ಅವರ ನಿಲುವೇ ಬೇರೆಯಾಗಿತ್ತು. ನಗು, ಜಗಳ, ಪ್ರೇಮ, ಪ್ರಾರ್ಥನೆಗಳಿಂದ ಕೂಡಿದ ಕಪ್ಪು ಬದುಕನ್ನು ಬಿಳಿಯರ ದಬ್ಬಾಳಿಕೆಯ ಪ್ರತಿಕ್ರಿಯೆಯಾಗಿ ಕಾಣದೆ, ಸ್ವಯಂಪೂರ್ಣವೆಂದೇ ಅವರು ಕಂಡರು.

ಕಾಲಕ್ರಮೇಣ ಅವರ ಕೃತಿಗಳು ಮರೆಗೆ ಸಂದವು. 1950ರಲ್ಲಿ ಮನೆಗೆಲಸಕ್ಕೂ ನಿಂತಿದ್ದ ಅವರು 1960ರಲ್ಲಿ ಫೋರ್ಟ್ ಪಿಯರ್ಸ್‌ನ ಆಶ್ರಯಧಾಮವೊಂದರಲ್ಲಿ ನಿಧನರಾದರು. ಹೆಸರಿಲ್ಲದ ಆ ಸಮಾಧಿಯನ್ನು 1973ರಲ್ಲಿ ಹುಡುಕಿ ಕಲ್ಲು ನೆಡಿಸಿದವರು ಲೇಖಕಿ ಆಲಿಸ್ ವಾಕರ್. ತನ್ನ ಜನರ ಮಾತನ್ನು ತಿದ್ದದೆ ದಾಖಲಿಸುವುದೂ ಅಸ್ಮಿತೆಯ ಪ್ರತಿಪಾದನೆಯೇ ಎಂಬುದಕ್ಕೆ ಈ ಬದುಕು ನಿದರ್ಶನವಾಗಿದೆ.